ಗಾಳಿ ನೋಡ್ತದ

ಶಿವಡಿ ಸ್ಟೇಷನ್ನಿನ ಹೊರಗ, ದವಾಖಾನಿ ಗೇಟಿನ ಎದುರು
ಎರಡು ಕುರ್ಚಿ, ಒಂದೂವರೆ ಕನ್ನಡಿ, ಇಷ್ಟ ನನ್ನ ಅಂಗಡಿ.
ಒಡೆದ ಅರ್ಧದಾಗ ಗಿರಾಕಿಯ ಕಿವಿ ಮಾತ್ರ ಕಾಣ್ತದ.
ದವಾಖಾನಿ ಮಂದಿ ಎಲ್ಲಾ ನನ್ನ ಕೈಯಾಗ ಗದ್ದ ಕೊಟ್ಟವರೇ.

ಹೊಸದಾಗಿ ಬಂದ ಸಣ್ಣ ಡಾಕ್ಟರ ಗಡ್ಡ ಬಿಡ್ತಾನ,
ಇಲ್ಲಾಂದ್ರ ಮುದುಕಿಯರು "ಡಾಕ್ಟರ ಎಲ್ಲಿ ತಮ್ಮಾ?" ಅಂತ ಕೇಳ್ತಾರಂತ.
ದೊಡ್ಡ ಡಾಕ್ಟರ ದಿನಾ ಬೋಳಿಸ್ತಾನ,
ಬಿಳಿ ಕೂದಲ ಕಂಡ್ರ ರಿಟಾಯರ್ ಯಾವಾಗ ಅಂತಾರಂತ.
ಥಿಯೇಟರಿನ ವಾರ್ಡ್ ಬಾಯ್ ಮೀಸಿ ತಿರುವತಾನ,
ಆಪರೇಷನ್ನಿಗೆ ಮೊದಲ ಹೊಟ್ಟಿ ಬೋಳಿಸೂದು ಅವನ ಕೆಲಸ,
"ನಾನೂ ನಿನ್ನ ಕಸುಬಿನಾಂವನ" ಅಂತ ನಗತಾನ.

ಇರಬೇಕೋ ಬ್ಯಾಡೋ ಅಂತ ನನ್ನ ಮಾತ್ರ ಕೇಳಬ್ಯಾಡ್ರಿ.
ನನ್ನ ಬಾಯಿಂದ ನನ್ನ ಹೊಟ್ಟಿ ಮಾತಾಡ್ತದ.

ಮಲಕಾರಿ ಬ್ರದರ್ ಒಬ್ಬಾಂವ ಹನ್ನೊಂದು ವರ್ಷ ಬಂದಿರಲಿಲ್ಲ.
ಜತ್ತ ಕಡ್ಯಾಂವ, ನನ್ನ ಮಾತು ಅವಂಗ ತಿಳೀತದ,
ಆದ್ರೂ ಮನ್ಯಾಗ ತಾನ ಕತ್ತರಿ ಹಿಡದು ಒಪ್ಪ ಮಾಡಿಕೋತಿದ್ದ.
ಕೆಮ್ಮಿನ ವಾರ್ಡಿನಾಗ ನಾ ಆರು ತಿಂಗಳ ಬಿದ್ದಿದ್ದೆ;
ಮಾಸ್ಕಿನ ಕೆಳಗ ಇಳಿಬಿದ್ದ ಆ ಕರೀ ಗಡ್ಡ ಕಂಡ್ರ
ಗುಳಿಗಿ ಹೊತ್ತಾತು ಅಂತ ಎದ್ದು ಕೂಡತಿದ್ದೆ.

ಪಠಾರೆ ಬಾಯಿ ಮೇಟ್ರನ್ ಹೊಸ ಮಾಸ್ಕ್ ತರಿಸಿ ಪರೀಕ್ಷಾ ಇಟ್ಟಳು.
ತಲಿಗೆ ಪ್ಲಾಸ್ಟಿಕ್ಕಿನ ಕುಲಾವಿ, ಒಳಗ ಕಹಿ ನೀರಿನ ತುಂತುರು;
ನಾಲಿಗಿಗೆ ಕಹಿ ಹತ್ತಿದರ ಮಾಸ್ಕ್ ಸೋರತದ, ನಾಪಾಸು.
ಹಸೀ ಹಾಗಲಕಾಯಿ ಜಗದಂಗಾತು ಅಂದ ಮಲಕಾರಿ.
"ಮಾಸ್ಕಿನ ಒಳಗಿಂದು ಯಾರು ನೋಡ್ತಾರ ಬಾಯಿ?"
"ಮಂದಿ ನೋಡೂದಿಲ್ಲ. ಗಾಳಿ ನೋಡ್ತದ" ಅಂದಳಂತ.

ಜಟ್ಟಿ ಬಿದ್ದರೂ ಮೀಸಿ ಮಣ್ಣಾಗಲಿಲ್ಲ ಅಂತಾರ.
ಇಲ್ಲಿ ಹತ್ತೂದು ಮಣ್ಣಲ್ಲ, ಹಾಸಿಗಿ ಹಿಡದವರ ಉಸಿರು.

ಮರುದಿನ ರಾತ್ರಿ, ಶಟರ್ ಅರ್ಧ ಇಳಿಸಿದ ಮ್ಯಾಲ ಬಂದ.
ಗಲ್ಲ ತಗದೆ. ಗದ್ದ ತಗದೆ.
ಬಿಸಿಲು ಕಾಣದ ತೊಗಲು, ಕೂಸಿನ ಅಂಗಾಲಿನಂಗ.
"ಮೀಸಿ ಇರಲಿ, ಅದು ಮಾಸ್ಕಿನ ಒಳಗ ಕೂಡ್ತದ,
ಬಾಯಿನೂ ಅದಕ್ಕ ಏನೂ ಅಂದಿಲ್ಲ" ಅಂದೆ.
ಸುಮ್ಮನ ಕುಂತ. ಪನವೇಲ ಲೋಕಲ್ ಒಂದು ಬಂದು ಹೋತು.
"ಅದನ್ನೂ ತಗಿ" ಅಂದ.

ನೀರು ಹಚ್ಚಿ ಕೂದಲ ಎತ್ತಿದೆ.
ಮೂಗಿನಿಂದ ತುಟಿತನಕ ಒಂದು ಹಳೇ ಹೊಲಿಗಿ.
ಗ್ರಹಣದಾಗ ಅವ್ವ ಬದನಿಕಾಯಿ ಹೆಚ್ಚಿದ್ದಳಂತ, ಊರವರ ಮಾತು.
ಗಾಯದ ಮ್ಯಾಲ ಕೂದಲ ಬೆಳೆಯೂದಿಲ್ಲ;
ಆಚಿಕಡಿಯವು, ಈಚಿಕಡಿಯವು ಬಾಗಿ ಬಂದು
ಇಷ್ಟು ವರ್ಷ ಅದನ್ನ ಮುಚ್ಚಿ ನಿಂತಿದ್ದವು,
ಬೋಳದಾಗ ಎದುರುಬದುರು ಚಾಳಿನ ಪತ್ರಾ ಕೂಡಿದಂಗ.

ಯಾಕ ಅಂತ ನಾ ಕೇಳಲಿಲ್ಲ. ಅರ್ಧ ಅವನ ಹೇಳಿದ:
"ಮೀಸಿ ಇಟ್ಟರ ದಿನಾ ಅಳೀಬೇಕು. ಒಂದು ಎಳಿ ಅಂಚಿಗೆ ಬಂತಂದ್ರ…
ಮನ್ಯಾಗ ಎಂಟು ತಿಂಗಳ ಕೂಸದ."

ಬೆರಳಗಲ ಜಾಗಕ್ಕ ಅರ್ಧ ತಾಸು ಹಿಡೀತು.
ಪಟಕ ಹಚ್ಚುವಾಗ ಉರೀತದೇನು ಅಂದೆ.
"ಅಲ್ಲಿ ಏನೂ ಗೊತ್ತಾಗೂದಿಲ್ಲ" ಅಂದ,
ಒಡೆದ ಕನ್ನಡಿ ಕಡಿ ತಿರುಗಿ ತನ್ನ ಕಿವಿ ನೋಡಿಕೊಂಡ.

ಪಾಸಾದನಂತ. ಕಹಿ ಹತ್ತಲಿಲ್ಲಂತ.
ಈಗ ದಿನಾ ಡ್ಯೂಟಿಗೆ ಮೊದಲ ಬರತಾನ,
ತಿಂಗಳ ಲೆಕ್ಕ, ಇಪ್ಪತ್ತು ರೂಪಾಯಿ ನಾನ ಬಿಟ್ಟೀನಿ.
ಚಹಾದ ಗಾಡಿ ಹತ್ರ ಗ್ವಾಡಿ ಕಡಿ ಮಾರಿ ಮಾಡಿ ಕುಡೀತಾನ.

ನಿನ್ನಿ, ಗ್ಲಾಸ ಬಾಳ ಸುಡತಿತ್ತೋ ಏನೋ,
ತಿರಗೂದ ಮರತ.
ಚಹಾದಾಂವ ನೋಡಿದ.
ಖಾರಿ ಬೇಕೇನು ಅಂದ.